ಜಾಣನ ದೂರದ ನೆಂಟ: ‘ಕ್ಯಾನಿ’ ಎಂಬ ಸ್ಕಾಟ್ಸ್ ಪದ

(ಅನುವಾದಕರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.)

ಮಾನ್ಯರೇ, ಸ್ಕಾಟ್ಲೆಂಡಿನ ಒಂದು ಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿರುವ ಮೊಮ್ಮಗನಿಗೆ ಅಜ್ಜಿ ‘ಕಾ ಕ್ಯಾನಿ’ ಎಂದರೆ, ಬೆಣ್ಣೆಯನ್ನು ನೋಡಿಕೊಂಡು ಬಳಸು, ಅದು ನಾಳೆಗೂ ಬೇಕು ಎಂದು ಅರ್ಥ. ಅದೇ ಅಜ್ಜಿ ತನ್ನ ಕಾಲದ ಸೂಲಗಿತ್ತಿಯೊಬ್ಬಳನ್ನು ನೆನೆದು ‘ಕ್ಯಾನಿ ವೈಫ್’ ಎಂದರೆ ಅಲ್ಲಿ ಉಳಿತಾಯದ ಸುಳಿವೂ ಇಲ್ಲ. ಹೆರಿಗೆಯ ಮರ್ಮ ಬಲ್ಲವಳು, ಕೈಗುಣ ಇರುವವಳು ಎಂಬ ಗೌರವವಿದೆ. ಊರಾಚೆಯ ಪಾಳು ಮನೆಯತ್ತ ಕೈತೋರಿಸಿ ಆಕೆ ‘ನೋ ಕ್ಯಾನಿ’ ಎಂದಾಗ ಮಾತ್ರ ಮೊಮ್ಮಗ ಅತ್ತ ಕಾಲಿಡಲಾರ, ಏಕೆಂದರೆ ಅಲ್ಲಿ ಮನುಷ್ಯರಲ್ಲದ ಏನೋ ಇದೆ ಎಂದು ಆಕೆ ಹೇಳುತ್ತಿದ್ದಾಳೆ. ಬೆಣ್ಣೆ, ಹೆರಿಗೆ, ದೆವ್ವ ಎಂಬ ಈ ಮೂರಕ್ಕೂ ಒಂದೇ ಪದ ಹೇಗೆ ಸಾಕಾಯಿತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಇಂದು ಮಾತನಾಡಬಯಸುತ್ತೇನೆ.

ಮೊದಲು ಭಾಷೆಯ ಬಗ್ಗೆ ಎರಡು ಮಾತು ಹೇಳಬೇಕು. ಸ್ಕಾಟ್ಸ್ ಎಂದರೆ ಸ್ಕಾಟ್ಲೆಂಡಿನ ಉಚ್ಚಾರಣೆಯಲ್ಲಿ ಆಡುವ ಇಂಗ್ಲಿಷ್ ಅಲ್ಲ. ಅಲ್ಲಿನ ಮಲೆನಾಡು ಮತ್ತು ದ್ವೀಪಗಳ ಗೇಲಿಕ್ ಭಾಷೆಯೂ ಅಲ್ಲ. ಗೇಲಿಕ್ ಕೆಲ್ಟಿಕ್ ಕುಟುಂಬಕ್ಕೆ ಸೇರಿದ್ದು. ಸ್ಕಾಟ್ಸ್ ಭಾಷೆಯಾದರೋ ಹಳೆಯ ಇಂಗ್ಲಿಷಿನ ಉತ್ತರದ ಕವಲಾದ ನಾರ್ತಂಬ್ರಿಯನ್ ನುಡಿಯಿಂದ ಬೆಳೆದು, ಒಂದು ಸ್ವತಂತ್ರ ರಾಜ್ಯದ ಆಸ್ಥಾನ, ನ್ಯಾಯಾಲಯ ಮತ್ತು ಕಾವ್ಯದ ಭಾಷೆಯಾಗಿ ಮೆರೆದು, ಕ್ರಮೇಣ ಲಂಡನ್ನಿನ ಇಂಗ್ಲಿಷಿನ ನೆರಳಿಗೆ ಸರಿಯಿತು. 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ತಮಗೆ ಸ್ಕಾಟ್ಸ್ ಮಾತನಾಡಲು ಬರುತ್ತದೆ ಎಂದು ಬರೆಸಿದರು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡುವ ಕಾಯಿದೆಯನ್ನು ಅಂಗೀಕರಿಸಿತು. ಇಷ್ಟು ತಡವಾಗಿ ಮನ್ನಣೆ ಪಡೆದ ಭಾಷೆಯ ಪದಗಳನ್ನು ಇಂಗ್ಲಿಷಿನ ಗ್ರಾಮ್ಯ ರೂಪಗಳೆಂದು ತಳ್ಳಿಹಾಕುವ ಅಭ್ಯಾಸ ಇನ್ನೂ ಹೋಗಿಲ್ಲ. ‘ಕ್ಯಾನಿ’ಯಂತಹ ಪದವನ್ನು ಹತ್ತಿರದಿಂದ ನೋಡಿದವರು ಹಾಗೆ ತಳ್ಳಿಹಾಕಲಾರರು ಎಂಬುದು ನನ್ನ ನಂಬಿಕೆ.

ಪದದ ಬೇರು ‘ಕ್ಯಾನ್’. ಇಂದಿನ ಇಂಗ್ಲಿಷಿನಲ್ಲಿ ಇದು ‘ಸಾಧ್ಯ’ ಎಂಬುದನ್ನಷ್ಟೇ ಸೂಚಿಸುವ ಸಹಾಯಕ ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಬಲ್ಲೆ’ ಎಂಬ ಅರ್ಥವಿತ್ತು. ಕನ್ನಡದ ‘ಬಲ್’ ಧಾತುವಿನಲ್ಲೂ ಅರಿವು ಮತ್ತು ಶಕ್ತಿ ಬೇರೆಯಾಗಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು: ‘ಹಾಡಬಲ್ಲೆ’ ಎಂದರೆ ಹಾಡಲು ಗೊತ್ತು ಎಂದೂ ಹೌದು, ಹಾಡಲು ಆಗುತ್ತದೆ ಎಂದೂ ಹೌದು. ಆ ಹಳೆಯ ಕ್ರಿಯಾಪದದ ಸಂತತಿ ಸ್ಕಾಟ್ಸ್‌ನಲ್ಲಿ ದೊಡ್ಡದು. ‘ಕೆನ್’ ಎಂದರೆ ತಿಳಿ, ಅರಿ. ‘ಕೆಂಟ್ ಫೇಸ್’ ಎಂದರೆ ಗುರುತಿನ ಮುಖ. ತಿಳಿದದ್ದು, ಪರಿಚಿತವಾದದ್ದು ಎಂಬ ಅರ್ಥದ ‘ಕೂತ್’ ಎಂಬ ರೂಪದಿಂದ ‘ಕೂತಿ’ ಎಂಬ ಪದ ಬಂದಿದೆ. ಬೆಚ್ಚಗಿನ, ಸಲಿಗೆಯ, ಮನೆಯಂತಹ ವಾತಾವರಣಕ್ಕೆ ಸ್ಕಾಟ್ಲೆಂಡಿನವರು ಇಂದಿಗೂ ಅದನ್ನೇ ಬಳಸುತ್ತಾರೆ. ಅದರ ನಿಷೇಧರೂಪ ಸವೆದು ‘ಅಂಕೋ’ ಆಯಿತು: ಮೊದಲು ಅಪರಿಚಿತ, ಆಮೇಲೆ ವಿಚಿತ್ರ, ಕೊನೆಗೆ ಬರೀ ‘ತುಂಬಾ’. ಇಂಗ್ಲಿಷಿನಲ್ಲಿ ಅದೇ ನಿಷೇಧರೂಪ ಒರಟ, ಸಂಸ್ಕಾರವಿಲ್ಲದವ ಎಂಬ ಬೈಗುಳವಾಗಿ ಉಳಿದಿದೆ. ಈ ಕುಟುಂಬದ ಎಲ್ಲ ಪದಗಳೂ ಗುರುತಿರುವುದು ಮತ್ತು ಗುರುತಿಲ್ಲದ್ದು ಎಂಬ ಒಂದೇ ಗೆರೆಯ ಈಚೆ ಆಚೆ ಓಡಾಡುತ್ತವೆ.

ಈ ಧಾತುವಿನ ಇನ್ನೂ ಹಿಂದಿನ ಮೂಲ ಇಂಡೋ-ಯೂರೋಪಿಯನ್ ಭಾಷೆಗಳೆಲ್ಲಕ್ಕೂ ಸೇರಿದ್ದು. ಸಂಸ್ಕೃತದ ‘ಜ್ಞಾ’ ಕೂಡ ಅದರಿಂದಲೇ ಹೊರಟಿದೆ. ಆ ‘ಜ್ಞಾ’ ಪ್ರಾಕೃತದಲ್ಲಿ ‘ಜಾಣ್’ ಆಗಿ, ಅಲ್ಲಿಂದ ನಮ್ಮಲ್ಲಿಗೆ ಬಂದು ‘ಜಾಣ’ ಆಯಿತು. ಹಾಗಾಗಿ ಕನ್ನಡದ ಜಾಣನೂ ಸ್ಕಾಟ್ಲೆಂಡಿನ ಕ್ಯಾನಿಯೂ ದೂರದ ನೆಂಟರು. ಕನ್ನಡ ದ್ರಾವಿಡ ಭಾಷೆಯಾದ್ದರಿಂದ ಈ ನೆಂಟಸ್ತಿಕೆ ಹುಟ್ಟಿನದಲ್ಲ, ನಾವು ಎರವಲಾಗಿ ತಂದುಕೊಂಡದ್ದು. ಆದರೂ ಎರಡು ಪದಗಳ ನಡತೆಯಲ್ಲಿ ಹೋಲಿಕೆ ಕಾಣುತ್ತದೆ. ‘ಅವನು ಜಾಣ’ ಎಂದು ಮೆಚ್ಚಿಯೂ ಹೇಳಬಹುದು, ‘ಬಹಳ ಜಾಣ ಬಿಡು’ ಎಂದು ಮೂತಿ ತಿರುವಿಯೂ ಹೇಳಬಹುದು. ಕ್ಯಾನಿಗೂ ಈ ಎರಡು ಮುಖಗಳಿವೆ.

ಸ್ಕಾಟ್ಸ್ ಭಾಷೆಯ ಮೊದಲ ದೊಡ್ಡ ನಿಘಂಟನ್ನು ಜಾನ್ ಜೇಮೀಸನ್ ಎಂಬ ಪಾದ್ರಿ 1808ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. 20ನೆಯ ಶತಮಾನದಲ್ಲಿ ವಿಲಿಯಂ ಗ್ರಾಂಟ್ ಮತ್ತು ಅವರ ನಂತರ ಡೇವಿಡ್ ಮ್ಯುರಿಸನ್ ಅವರ ಸಂಪಾದಕತ್ವದಲ್ಲಿ, 1931ರಿಂದ 1976ರವರೆಗೆ, ಸ್ಕಾಟಿಷ್ ನ್ಯಾಷನಲ್ ಡಿಕ್ಷನರಿಯ ಹತ್ತು ಸಂಪುಟಗಳು ಹೊರಬಂದವು. ಇಂತಹ ನಿಘಂಟುಗಳಲ್ಲಿ ‘ಕ್ಯಾನಿ’ಯ ಅರ್ಥಗಳು ಒಂದರ ಕೆಳಗೊಂದು ಉದ್ದಕ್ಕೆ ಸಾಗುತ್ತವೆ. ಮುಂದಾಲೋಚನೆಯುಳ್ಳವನು ಕ್ಯಾನಿ, ವ್ಯವಹಾರದಲ್ಲಿ ಮೋಸಹೋಗದವನು ಕ್ಯಾನಿ, ಹೆಚ್ಚು ಖರ್ಚು ಮಾಡದವನು ಕ್ಯಾನಿ. ಕೈಗೆಲಸದಲ್ಲಿ ಪಳಗಿದವನೂ, ಗಾಯವನ್ನು ನೋವಾಗದಂತೆ ಮುಟ್ಟುವ ಕೈಯೂ, ಹಾಯದ ಒದೆಯದ ಸಾಧುವಾದ ಕುದುರೆಯೂ ಕ್ಯಾನಿಯೇ. ನಿಧಾನದ ನಡಿಗೆ, ಹಿತವಾದ ಕೂರುಜಾಗ, ಅಪಾಯವಿಲ್ಲದ ದಾರಿ, ಒಳ್ಳೆಯ ಶಕುನ, ಇವೆಲ್ಲವೂ ಅದರೊಳಗೆ ಬರುತ್ತವೆ.

ನಿಘಂಟಿನಲ್ಲಿ ಬಿಡಿಬಿಡಿಯಾಗಿ ಕಾಣುವ ಈ ಅರ್ಥಗಳನ್ನು ಒಬ್ಬ ಗಾಡಿಯವನ ಮನಸ್ಸಿನಲ್ಲಿ ಇಟ್ಟು ನೋಡಿದರೆ ಅವು ಕೂಡಿಕೊಳ್ಳುತ್ತವೆ ಎಂದು ನನಗೆ ತೋರುತ್ತದೆ. ದಾರಿಯನ್ನು ಬಲ್ಲವನು ಗಾಡಿಯನ್ನು ಎಚ್ಚರದಿಂದ ಹೊಡೆಯುತ್ತಾನೆ. ಎಚ್ಚರದಿಂದ ಹೊಡೆಯುವವನು ನಿಧಾನವಾಗಿ ಹೊಡೆಯುತ್ತಾನೆ. ನಿಧಾನದಲ್ಲಿ ಕುದುರೆಗೂ ಹೇರಿಗೂ ಪೆಟ್ಟಿಲ್ಲ, ನಷ್ಟವೂ ಇಲ್ಲ. ಅರಿವಿನಿಂದ ಎಚ್ಚರ, ಎಚ್ಚರದಿಂದ ಮೃದುತ್ವ, ಮೃದುತ್ವದಿಂದ ಕ್ಷೇಮ ಮತ್ತು ಉಳಿತಾಯ ಎಂದು ಅರ್ಥಗಳು ಒಂದರಿಂದ ಒಂದಕ್ಕೆ ಜಾರಿಕೊಂಡು ಹೋಗಿವೆ. ಗುಣ ಮೊದಲು ಬಲ್ಲವನದು. ಆಮೇಲೆ ಅವನ ಕೈಯದು, ಕೈಯಲ್ಲಿರುವ ಪ್ರಾಣಿಯದು, ಕೊನೆಗೆ ಜಾಗದ್ದೂ ಆಯಿತು.

‘ಕಾ ಕ್ಯಾನಿ’ ಎಂಬ ನುಡಿಗಟ್ಟು ಬಂದದ್ದೂ ಇಂತಹ ಬದುಕಿನಿಂದಲೇ. ‘ಕಾ’ ಎಂಬುದು ಇಂಗ್ಲಿಷಿನ ‘ಕಾಲ್’ ಪದದ ಸ್ಕಾಟ್ಸ್ ರೂಪ. ಸ್ಕಾಟ್ಸ್‌ನಲ್ಲಿ ಅದಕ್ಕೆ ಕರೆಯುವುದಲ್ಲದೆ ಹೊಡೆಯುವುದು, ಓಡಿಸುವುದು, ಅಟ್ಟುವುದು ಎಂಬ ಅರ್ಥಗಳೂ ಇವೆ. ಕುರಿಯನ್ನೂ ಅಟ್ಟಬಹುದು, ನೇಗಿಲನ್ನೂ ಹೊಡೆಯಬಹುದು. ನಾವು ಎತ್ತು ಹೊಡೆಯುವುದು, ಗಾಡಿ ಹೊಡೆಯುವುದು, ಆರು ಹೊಡೆಯುವುದು ಎನ್ನುವಲ್ಲಿರುವ ‘ಹೊಡೆ’ ಇದಕ್ಕೆ ಸರಿಯಾಗಿ ಕೂರುತ್ತದೆ. ಆದ್ದರಿಂದ ‘ಕಾ ಕ್ಯಾನಿ’ ಎಂದರೆ ಅಕ್ಷರಶಃ ‘ಹುಷಾರಾಗಿ ಹೊಡಿ’. ಅಲ್ಲಿಂದ ಮುಂದೆ, ಮೆಲ್ಲಗೆ ಹೋಗು, ಹಿಡಿತದಲ್ಲಿ ಬಳಸು, ಅವಸರ ಬೇಡ.

ಈ ಮನೆಮಾತು 1889ರಲ್ಲಿ ಕಾರ್ಮಿಕ ಚಳವಳಿಯ ಅಸ್ತ್ರವಾಯಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬಯಸುತ್ತೇನೆ, ಏಕೆಂದರೆ ಒಂದು ಪದ ಬೀದಿಗಿಳಿದು ಕೆಲಸ ಮಾಡಿದ ಇಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. ಗ್ಲಾಸ್ಗೋ ಬಂದರಿನ ಹಮಾಲರು ಆ ವರ್ಷ ಸಂಘ ಕಟ್ಟಿಕೊಂಡರು. ರಿಚರ್ಡ್ ಮೆಕ್‌ಗೀ ಮತ್ತು ಎಡ್ವರ್ಡ್ ಮೆಕ್‌ಹ್ಯೂ ಅದರ ಮುಂದಾಳುಗಳು. ಕೂಲಿಯಲ್ಲಿ ಶೇ. 10ರಷ್ಟು ಹೆಚ್ಚಳ ಕೇಳಿ ಅವರು ಮುಷ್ಕರ ಹೂಡಿದಾಗ ಮಾಲೀಕರು ಹಳ್ಳಿಗಳಿಂದ ಹೊಲದ ಕೂಲಿಯವರನ್ನು ಕರೆತಂದು ಹಡಗಿನ ಕೆಲಸಕ್ಕೆ ಹಚ್ಚಿದರು, ಮುಷ್ಕರ ಮುರಿಯಿತು. ಆ ಕಾಲದ ಕಾರ್ಮಿಕ ಬರಹಗಳು ಮುಂದಿನ ಕತೆಯನ್ನು ಹೀಗೆ ಹೇಳುತ್ತವೆ: ಸೋತು ಕೆಲಸಕ್ಕೆ ಮರಳಬೇಕಾದ ಹಮಾಲರಿಗೆ ಸಂಘದ ಕಾರ್ಯದರ್ಶಿ, ಹೊಲದಿಂದ ಬಂದವರಿಗೆ ಹಡಗಿನ ಮೇಲೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ, ಹೊತ್ತದ್ದರಲ್ಲಿ ಎಷ್ಟೋ ಕೆಳಗೆ ಬೀಳಿಸುತ್ತಿದ್ದರು, ನಿಮ್ಮಲ್ಲಿ ಒಬ್ಬ ಮಾಡುವ ಕೆಲಸ ಅವರಲ್ಲಿ ಇಬ್ಬರು ಸೇರಿದರೂ ಆಗುತ್ತಿರಲಿಲ್ಲ, ಆದರೂ ಅವರ ಕೆಲಸ ತೃಪ್ತಿಕರವೆಂದು ಮಾಲೀಕರೇ ಹೇಳಿದ್ದಾರೆ, ಹಾಗಾದರೆ ನೀವೂ ಅವರಂತೆಯೇ ಕೆಲಸ ಮಾಡಿ ಎಂದರಂತೆ. ಹಮಾಲರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಕೆಲವೇ ದಿನಗಳಲ್ಲಿ ಮಾಲೀಕರು ಕಾರ್ಯದರ್ಶಿಯನ್ನು ಕರೆಸಿ, ಮೊದಲಿನಂತೆ ಕೆಲಸ ಮಾಡಲು ಹೇಳಿ, ಕೇಳಿದ ಹೆಚ್ಚಳ ಕೊಡುತ್ತೇವೆ ಎಂದರು.

1896ರಲ್ಲಿ ಹಡಗು ಮತ್ತು ಬಂದರು ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಒಂದು ಕರಪತ್ರದಲ್ಲಿ ‘ಕಾ ಕ್ಯಾನಿ’ ಎಂದರೇನೆಂದು ವಿವರಿಸಿತು. ಇಬ್ಬರು ಸ್ಕಾಟ್ಲೆಂಡಿನವರು ಜೊತೆಯಾಗಿ ನಡೆಯುವಾಗ ಒಬ್ಬ ಬೀಸಾಗಿ ಹೆಜ್ಜೆ ಹಾಕಿದರೆ ಇನ್ನೊಬ್ಬ ‘ಕಾ ಕ್ಯಾನಿ’ ಎನ್ನುತ್ತಾನೆ ಎಂಬ ಸರಳ ಚಿತ್ರದಿಂದಲೇ ಆ ವಿವರಣೆ ಆರಂಭವಾಗುತ್ತದೆ. ಮುಂದಿನ ವರ್ಷ ಫ್ರಾನ್ಸಿನ ಕಾರ್ಮಿಕ ಒಕ್ಕೂಟದ ಟುಲೂಸ್ ಅಧಿವೇಶನದಲ್ಲಿ ಎಮಿಲ್ ಪೂಜೆ ಮತ್ತು ಅವರ ಸಂಗಾತಿಗಳು ‘ಸಬೋಟಾಜ್’, ಅಂದರೆ ಬೇಕೆಂದೇ ಕೆಲಸ ಕೆಡಿಸುವ, ನೀತಿಯನ್ನು ಮುಂದಿಟ್ಟಾಗ ಗ್ಲಾಸ್ಗೋದ ಈ ಮಾದರಿ ಅವರ ಕಣ್ಣೆದುರಿಗಿತ್ತು. ಇತ್ತ 1901ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಬ್ರಿಟನ್ನಿನ ಉದ್ಯಮ ಹಿಂದೆ ಬೀಳುತ್ತಿರುವುದಕ್ಕೆ ಕಾರ್ಮಿಕರ ‘ಕಾ ಕ್ಯಾನಿ’ಯೇ ಕಾರಣವೆಂದು ದೂರಿ ಲೇಖನಮಾಲೆ ಪ್ರಕಟಿಸಿತು. ಅಜ್ಜಿಯ ಬಾಯಲ್ಲಿ ವಿವೇಕವಾಗಿದ್ದದ್ದು ಮಾಲೀಕರ ಕಿವಿಗೆ ಮೈಗಳ್ಳತನವಾಗಿ ಕೇಳಿಸಿತು. ಪದದ ಅರ್ಥ ಇಲ್ಲಿ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು: ತನ್ನ ಬೆಣ್ಣೆಯನ್ನು ನೋಡಿಕೊಂಡು ಬಳಸುವಂತೆ ಹಮಾಲ ತನ್ನ ಮೈಬಲವನ್ನು ನೋಡಿಕೊಂಡು ಬಳಸಿದ. ಅದು ಅವನ ಸ್ವತ್ತು.

‘ಕ್ಯಾನಿ ಸ್ಕಾಟ್’ ಎಂಬ ಹಣೆಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಕ್ಷಿಣದ ಇಂಗ್ಲಿಷರು ಈ ಪದದ ಅರ್ಥಗಳಲ್ಲಿ ಹಣದ ಲೆಕ್ಕಾಚಾರವೊಂದನ್ನೇ ಹೆಕ್ಕಿ ಒಂದು ಇಡೀ ಜನಾಂಗದ ಹಣೆಗೆ ಅಂಟಿಸಿದರು; ಇಂದಿಗೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಚಾಣಾಕ್ಷ ಹೂಡಿಕೆದಾರನಿಗೆ ಈ ವಿಶೇಷಣ ಸಿಗುತ್ತಿರುತ್ತದೆ. ಸ್ಕಾಟ್ಲೆಂಡಿನ ಗಡಿ ದಾಟಿದರೆ ಸಿಗುವ, ಇಂಗ್ಲೆಂಡಿನ ನ್ಯೂಕ್ಯಾಸಲ್ ಸೀಮೆಯಲ್ಲಿ ಮಾತ್ರ ಪದಕ್ಕೆ ಬೇರೆಯೇ ಬಿಸುಪಿದೆ. ಅಲ್ಲಿ ‘ಕ್ಯಾನಿ ಲ್ಯಾಡ್’ ಎಂದರೆ ಒಳ್ಳೆಯ ಹುಡುಗ, ಎಲ್ಲರಿಗೂ ಬೇಕಾದವನು. ‘ಕ್ಯಾನಿ ಫ್ಯೂ’ ಎಂದರೆ ಸಾಕಷ್ಟು ಮಂದಿ. ನಾವು ‘ಒಳ್ಳೆ ಮಳೆ’, ‘ಒಳ್ಳೆ ಜನ ಸೇರಿದ್ದರು’ ಎನ್ನುವಾಗ ಒಳ್ಳೆಯತನ ಅಳತೆಯಾಗಿ ಬದಲಾಗುವಂತೆಯೇ ಅಲ್ಲಿಯೂ ಆಗಿದೆ.

ಇನ್ನು ಸೂಲಗಿತ್ತಿ ಮತ್ತು ದೆವ್ವಗಳ ಕಡೆಗೆ ಬರುತ್ತೇನೆ. ಇವೆರಡು ಒಂದಕ್ಕೊಂದು ಎಷ್ಟು ಹತ್ತಿರವಿದ್ದವು ಎಂಬುದು ಸ್ಕಾಟ್ಲೆಂಡಿನ ಚರಿತ್ರೆಯ ದುಃಖದ ಭಾಗ. ಫ್ರೆಂಚರು ಸೂಲಗಿತ್ತಿಯನ್ನು ‘ಸಾಜ್ ಫಾಮ್’ ಎನ್ನುತ್ತಾರೆ, ಅಂದರೆ ಬಲ್ಲ ಹೆಂಗಸು. ‘ಕ್ಯಾನಿ ವೈಫ್’ ಎಂಬುದೂ ಅದೇ ಅಚ್ಚಿನದು. ಹೆರಿಗೆಯ ಗಳಿಗೆಗೇ ‘ಕ್ಯಾನಿ ಮೊಮೆಂಟ್’ ಎಂಬ ಹೆಸರಿತ್ತು. ಆದರೆ ಗಿಡಮೂಲಿಕೆ, ಬಸುರಿ, ಬಾಣಂತಿ ಎಂದು ಎಲ್ಲವನ್ನೂ ಬಲ್ಲವಳಿಗೆ ಇನ್ನೂ ಏನೇನು ಗೊತ್ತಿರಬಹುದು ಎಂಬ ಅನುಮಾನ ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1563ರಿಂದ 1736ರವರೆಗೆ ಮಾಟಗಾತಿಯರ ವಿರುದ್ಧದ ಕಾಯಿದೆ ಸ್ಕಾಟ್ಲೆಂಡಿನಲ್ಲಿ ಜಾರಿಯಲ್ಲಿತ್ತು. ನಾರ್ತ್ ಬೆರಿಕ್ ವಿಚಾರಣೆಗಳಲ್ಲಿ ಸಿಕ್ಕಿಬಿದ್ದು 1591ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಕೊಲ್ಲಲ್ಪಟ್ಟ ಆಗ್ನೆಸ್ ಸ್ಯಾಂಪ್ಸನ್ ಮದ್ದು ಕೊಡುತ್ತಿದ್ದ, ಹೆರಿಗೆ ಮಾಡಿಸುತ್ತಿದ್ದ ಹೆಂಗಸು. ಊರವರು ಆಕೆಯನ್ನು ಕೀತ್ ಊರಿನ ‘ವೈಸ್ ವೈಫ್’, ಅಂದರೆ ಬಲ್ಲವಳು, ಎಂದೇ ಕರೆಯುತ್ತಿದ್ದರು. ಅರಿವನ್ನು ಸೂಚಿಸುವ ಪದ ಯಾರ ಬಾಯಿಂದ ಯಾರ ಬಗ್ಗೆ ಬಂತು ಎಂಬುದರ ಮೇಲೆ ಒಬ್ಬರ ಪ್ರಾಣ ನಿಂತಿದ್ದ ಕಾಲ ಅದು. ‘ಕ್ಯಾನಿ’ಗೆ ಮಂತ್ರಶಕ್ತಿಯುಳ್ಳ ಎಂಬ ಅರ್ಥವೂ ನಿಘಂಟುಗಳಲ್ಲಿ ದಾಖಲಾಗಿರುವುದಕ್ಕೆ ಇಂತಹ ಹಿನ್ನೆಲೆ ಇದೆ.

ಇದರ ನಿಷೇಧರೂಪಕ್ಕೆ, ಅಂದರೆ ‘ಅನ್‌ಕ್ಯಾನಿ’ಗೆ, ಆರಂಭದಲ್ಲಿ ದೆವ್ವದ ನಂಟೇ ಇರಬೇಕೆಂದಿರಲಿಲ್ಲ. ನೆಚ್ಚಲಾಗದ ಮನುಷ್ಯ, ಅಪಾಯದ ಕೆಲಸ, ಕೆಟ್ಟದಾಗಿ ಬಿದ್ದ ಪೆಟ್ಟು, ಎಲ್ಲವೂ ಅನ್‌ಕ್ಯಾನಿಯೇ. ನಿಧಾನವಾಗಿ ಅದು ಕತ್ತಲೆಯ ಕಡೆಗೆ ಸರಿಯಿತು. ಈಶಾನ್ಯ ಕರಾವಳಿಯ ಮೀನುಗಾರರು ದೋಣಿಯ ಮೇಲೆ ಪಾದ್ರಿಯ ಹೆಸರನ್ನೂ ಹಂದಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಸಾಲ್ಮನ್ ಮೀನನ್ನು ‘ಕೆಂಪು ಮೀನು’ ಎನ್ನುತ್ತಿದ್ದರು. ಯಾರಾದರೂ ಬಾಯಿತಪ್ಪಿ ಆಡಿದರೆ ಕೈಗೆಟಕಿದ ಕಬ್ಬಿಣವನ್ನು ಮುಟ್ಟುತ್ತಿದ್ದರು. ಹಾಗೆ ಹೆಸರೆತ್ತುವುದು ‘ನೋ ಕ್ಯಾನಿ’. ಇಲ್ಲಿ ಪದದ ವಿನಯ ನನಗೆ ಬಹಳ ಹಿಡಿಸುತ್ತದೆ. ದೆವ್ವವಿದೆ ಎಂದು ಹೇಳುವುದಿಲ್ಲ, ಕೇಡಾಗುತ್ತದೆ ಎಂದೂ ಹೇಳುವುದಿಲ್ಲ. ಕ್ಷೇಮವಲ್ಲ ಎಂದಷ್ಟೇ ಹೇಳಿ ಮಾತು ನಿಲ್ಲಿಸುತ್ತದೆ. ನಮ್ಮ ಊರುಗಳಲ್ಲಿ ಹಿರಿಯರು ಹುಣಸೆಮರದ ಬುಡವನ್ನೋ ಹಳೆಯ ಬಾವಿಯನ್ನೋ ತೋರಿಸಿ ‘ಆ ಜಾಗ ಸರಿಯಿಲ್ಲ’ ಎನ್ನುತ್ತಾರಲ್ಲ, ಅದು ‘ನೋ ಕ್ಯಾನಿ’ಗೆ ಪದಶಃ ಅಲ್ಲದಿದ್ದರೂ ಪ್ರಾಣಶಃ ಸಮಾನವಾದದ್ದು. ನಿಘಂಟುಗಳು ಕೊಡುವ ‘ವಿಲಕ್ಷಣ’, ‘ಅಲೌಕಿಕ’ ಮುಂತಾದವು ಈ ಹತ್ತಿರಕ್ಕೂ ಬರುವುದಿಲ್ಲ.

19ನೆಯ ಶತಮಾನದಲ್ಲಿ ಇಂಗ್ಲಿಷ್ ಈ ‘ಅನ್‌ಕ್ಯಾನಿ’ಯನ್ನು ತನ್ನದಾಗಿಸಿಕೊಂಡಿತು. ಅದರ ಮುಂದಿನ ಪಯಣ ವಿಯೆನ್ನಾದ ದಾರಿಯಲ್ಲಿದೆ. 1919ರಲ್ಲಿ ಅಲ್ಲಿನ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ‘ಉನ್‌ಹೈಮ್ಲಿಖ್’ ಎಂಬ ಜರ್ಮನ್ ಪದವನ್ನು ಕುರಿತು ಪ್ರಬಂಧ ಬರೆದರು. 1925ರಲ್ಲಿ ಆಲಿಕ್ಸ್ ಸ್ಟ್ರೇಚಿ ಅದನ್ನು ಇಂಗ್ಲಿಷಿಗೆ ತಂದಾಗ ‘ಅನ್‌ಕ್ಯಾನಿ’ ಎಂಬ ಪದವನ್ನು ಆರಿಸಿಕೊಂಡರು. ಜರ್ಮನ್ ಪದದ ಬೇರು ‘ಹೈಮ್’, ಅಂದರೆ ಮನೆ. ಸ್ಕಾಟ್ಸ್ ಪದದ ಬೇರು ಅರಿವು. ಮನೆಯಂತಿಲ್ಲದ್ದು ಮತ್ತು ಅರಿವಿಗೆ ಒಗ್ಗದ್ದು ಇಲ್ಲಿ ಸಂಧಿಸುತ್ತವೆ. ಮನೆಯ ಒಳಗಿನದು ಎಂಬ ಅರ್ಥದಿಂದ ಹೊರಟ ‘ಹೈಮ್ಲಿಖ್’ ಬಚ್ಚಿಟ್ಟದ್ದು ಎಂಬ ಅರ್ಥ ಪಡೆದು ಕೊನೆಗೆ ತನ್ನ ವಿರುದ್ಧಪದವನ್ನೇ ಮುಟ್ಟುತ್ತದೆ ಎಂಬುದು ಫ್ರಾಯ್ಡ್ ಅವರ ವಾದ. ಅವರ ಸಮಗ್ರ ಕೃತಿಗಳ ಇಂಗ್ಲಿಷ್ ಆವೃತ್ತಿಯಲ್ಲಿ ಈ ಜಾಗಕ್ಕೆ ಒಂದು ಅಡಿಟಿಪ್ಪಣಿ ಇದೆ: ‘ಕ್ಯಾನಿ’ ಪದದಲ್ಲೂ ಇಂತಹದೇ ಇಬ್ಬಗೆ ಇದೆ, ಅದಕ್ಕೆ ಹಿತವಾದ ಎಂಬ ಅರ್ಥವಿರುವಂತೆ ಮಂತ್ರಶಕ್ತಿಯುಳ್ಳ ಎಂಬ ಅರ್ಥವೂ ಇದೆ ಎಂದು. ಹಳ್ಳಿಯ ಸೂಲಗಿತ್ತಿಯ ಆ ಎರಡು ಮುಖಗಳು ಮನೋವಿಶ್ಲೇಷಣೆಯ ಗ್ರಂಥದ ಪುಟದ ಅಡಿಗೆ ಹೀಗೆ ಬಂದು ಕೂತಿವೆ. ಜಪಾನಿನ ಮಸಾಹಿರೊ ಮೊರಿ 1970ರಲ್ಲಿ, ಮನುಷ್ಯರನ್ನು ಬಹುಮಟ್ಟಿಗೆ ಹೋಲುವ ಆದರೆ ಪೂರ್ತಿ ಹೋಲದ ಯಂತ್ರಗಳನ್ನು ಕಂಡಾಗ ಆಗುವ ಅಳುಕಿನ ಬಗ್ಗೆ ಬರೆದದ್ದಕ್ಕೂ ಇಂಗ್ಲಿಷಿನಲ್ಲಿ ದಕ್ಕಿದ್ದು ಇದೇ ‘ಅನ್‌ಕ್ಯಾನಿ’ ಪದ.

ಕನ್ನಡದಲ್ಲಿ ‘ಕ್ಯಾನಿ’ಗೆ ಸಾಟಿಯಾದ ಪದ ಯಾವುದು ಎಂದು ಹುಡುಕಿದವರಿಗೆ ‘ಹುಷಾರು’ ಮೊದಲು ಎದುರಾಗುತ್ತದೆ. ಪಾರ್ಸಿ ಮೂಲದ ಈ ಪದ ನಮ್ಮಲ್ಲಿ ಬೇರುಬಿಟ್ಟಿರುವ ರೀತಿ ನೋಡಿ: ‘ಹುಷಾರು ಹುಡುಗಿ’ ಎಂದರೆ ಚುರುಕಾದವಳು, ‘ಹುಷಾರಾಗಿ ಹೋಗು’ ಎಂದರೆ ಎಚ್ಚರದಿಂದ ಹೋಗು, ‘ಹುಷಾರಾಗಿದ್ದೀರಾ’ ಎಂದರೆ ಆರೋಗ್ಯವೇ. ಬುದ್ಧಿ, ಎಚ್ಚರ, ಕ್ಷೇಮ ಮೂರೂ ಇಲ್ಲಿಯೂ ಒಂದೇ ಹಗ್ಗದ ಎಳೆಗಳು. ನಿಷೇಧಕ್ಕೆ ಬಂದಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ನಮ್ಮ ‘ಹುಷಾರಿಲ್ಲ’ ಮೈಯ ಕಡೆಗೆ ತಿರುಗಿ ಜ್ವರವಾಗುತ್ತದೆ. ಅವರ ‘ನೋ ಕ್ಯಾನಿ’ ಊರಾಚೆಗೆ ತಿರುಗಿ ಭೂತವಾಗುತ್ತದೆ.

ಸ್ಕಾಟ್ಸ್ ಪದಗಳನ್ನು ಪ್ರೀತಿಯಿಂದ ಕೂಡಿಟ್ಟವರಲ್ಲಿ ಒಬ್ಬರು ನಮ್ಮ ನೆಲದಲ್ಲೂ ಓಡಾಡಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಸ್ಕಾಟ್ಲೆಂಡಿನ ಗಡಿಸೀಮೆಯ ಡೆನಮ್ ಎಂಬ ಹಳ್ಳಿಯಲ್ಲಿ 1775ರಲ್ಲಿ ಹುಟ್ಟಿದ ಜಾನ್ ಲೇಡನ್, 16ನೆಯ ಶತಮಾನದ ಒಂದು ಸ್ಕಾಟ್ಸ್ ಗದ್ಯಗ್ರಂಥವನ್ನು ದೀರ್ಘ ಪೀಠಿಕೆ ಮತ್ತು ಪದಕೋಶದೊಂದಿಗೆ 1801ರಲ್ಲಿ ಸಂಪಾದಿಸಿ, ಎರಡು ವರ್ಷಗಳ ಬಳಿಕ ವೈದ್ಯನಾಗಿ ಮದರಾಸಿಗೆ ಬಂದರು. ಕಾಲಿನ್ ಮೆಕೆಂಜಿಯವರ ಮೈಸೂರು ಸರ್ವೇಕ್ಷಣೆಯೊಡನೆ ತಿರುಗಾಡಿ, ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಕೆಲಕಾಲ ಉಳಿದರು. ಮೈಸೂರಿನ ರೆಸಿಡೆಂಟರಾಗಿದ್ದ, ಅದೇ ಗಡಿಸೀಮೆಯ ಜಾನ್ ಮಾಲ್ಕಮ್ ಅವರ ಗೆಳೆಯ. ಲೇಡನ್ ಕಲ್ಕತ್ತೆಗೆ ಬಂದಾಗ, ಅಲ್ಲಿನವರೆದುರು ನಿನ್ನ ಇಂಗ್ಲಿಷ್ ಬಗ್ಗೆ ಸ್ವಲ್ಪ ಎಚ್ಚರವಿರಲಿ ಎಂದು ಮಾಲ್ಕಮ್ ಬುದ್ಧಿ ಹೇಳಿದ್ದಕ್ಕೆ ಆತ, ಇಂಗ್ಲಿಷ್ ಕಲಿಯುವುದೇ? ಎಂದಿಗೂ ಇಲ್ಲ, ಅದನ್ನು ಕಲಿಯಲು ಹೋಗಿಯೇ ನನ್ನ ಸ್ಕಾಚ್ (ಅಂದರೆ ಸ್ಕಾಟ್ಸ್ ಭಾಷೆ) ಕೆಟ್ಟದ್ದು ಎಂದು ಉತ್ತರಿಸಿದರಂತೆ. ಮಾಲ್ಕಮ್ ಅವರೇ ಇದನ್ನು ಬರೆದಿಟ್ಟಿದ್ದಾರೆ.

ಮಾತು ಮುಗಿಸಿದ ಮೇಲೆ ಸಭೆಯಲ್ಲಿದ್ದ ಒಬ್ಬ ತರುಣ ಅನುವಾದಕಿ, ಸ್ಕಾಟ್ಸ್ ಕವಿ ರಾಬರ್ಟ್ ಬರ್ನ್ಸ್ ಅವರ ಸಾಲಿನಲ್ಲಿ ಈ ಪದ ಬಂದಾಗ ಏನು ಮಾಡಬೇಕೆಂದು ಕೇಳಿದರು. 1786ರಲ್ಲಿ ಅಚ್ಚಾದ ಅವರ ಮೊದಲ ಸಂಕಲನದಲ್ಲಿ ಒಬ್ಬ ಬಡ ರೈತನ ಶನಿವಾರದ ಸಂಜೆಯನ್ನು ಬಣ್ಣಿಸುವ ಕವಿತೆ ಇದೆ. ಅವರಿವರ ಹೊಲಮನೆಗಳಲ್ಲಿ ಜೀತಕ್ಕಿರುವ ದೊಡ್ಡ ಮಕ್ಕಳು ಒಬ್ಬೊಬ್ಬರಾಗಿ ಮನೆಗೆ ಬರುತ್ತಾರೆ: ಕೆಲವರು ನೇಗಿಲು ಹೊಡೆಯುವವರು, ಕೆಲವರು ದನ ಕಾಯುವವರು, ಕೆಲವರು ಪಕ್ಕದ ಊರಿಗೆ ‘ಕ್ಯಾನಿ ಎರಂಡ್’ (ಎರಂಡ್ ಎಂದರೆ ಒಬ್ಬರು ಹೇಳಿ ಕಳಿಸಿದ ಕೆಲಸ) ಹೊತ್ತು ಓಡುವವರು. ‘ಕಾ’ ಮತ್ತು ‘ಕ್ಯಾನಿ’ ಎರಡೂ ಅಲ್ಲಿ ಅಕ್ಕಪಕ್ಕದ ಸಾಲುಗಳಲ್ಲಿವೆ, ಆದರೆ ಇನ್ನೂ ಒಂದಾಗಿಲ್ಲ. ಆ ಎರಂಡ್ ಜಾಣತನದ ಕೆಲಸವಲ್ಲ, ನಿಧಾನದ ಕೆಲಸವೂ ಅಲ್ಲ. ಮನೆಯ ಯಜಮಾನ ಯಾವ ಹುಡುಗನ ಕೈಗೆ ಬೇಕಾದರೂ ಕೊಟ್ಟು ಕಳಿಸಲಾರದ ಒಂದು ಗಂಟನ್ನೋ ಸುದ್ದಿಯನ್ನೋ ನಂಬಿಕೆಯಿಟ್ಟು ಈ ಮಗುವಿನ ಕೈಗೆ ಕೊಟ್ಟಿದ್ದಾನೆ. ನಾನಾದರೆ ಅಲ್ಲಿ ‘ಜೋಪಾನದ ಕೆಲಸ’ ಎಂದು ಬರೆಯುತ್ತೇನೆ ಎಂದೆ. ಆಕೆ ಸ್ವಲ್ಪ ಯೋಚಿಸಿ, ತಮ್ಮ ಕಡೆ ಅಂಥದ್ದಕ್ಕೆ ‘ನಂಬಿಕೆ ಕೆಲಸ’ ಎನ್ನುತ್ತಾರೆ ಎಂದರು. ಆ ಸಾಲಿಗೆ ಅದು ನನ್ನದಕ್ಕಿಂತ ಚೆನ್ನಾಗಿ ಒಪ್ಪುತ್ತದೆ.